ಹಾರ್ನ್‌ಸೀ 4 ನಿಂತರೆ ಮಗಳ ಕೆಲಸದ ಗತಿ ಏನು?

ಪ್ರಶ್ನೆ: ನಮ್ಮದು ಚಿತ್ರದುರ್ಗ. ಜೋಗಿಮಟ್ಟಿಯ ಗಾಳಿ ವಿದ್ಯುತ್ ಫ್ಯಾನುಗಳನ್ನು ನೋಡಿಯೇ ಮಗಳು ಈ ಓದು ಹಿಡಿದಳು. ಈಗ ಇಂಗ್ಲೆಂಡಿನ ಹಲ್‌ನಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದಾಳೆ. ಅಲ್ಲಿನ ಸಮುದ್ರದಲ್ಲಿ ಕಟ್ಟಬೇಕಿದ್ದ ಹಾರ್ನ್‌ಸೀ 4 ಗಾಳಿ ವಿದ್ಯುತ್ ಯೋಜನೆಯನ್ನು ಓರ್ಸ್ಟೆಡ್ ಕಂಪನಿ ಕೈಬಿಟ್ಟಿತಂತೆ. ಸಾಲ ಮಾಡಿ ಕಳಿಸಿದ್ದೇವೆ ಸರ್. ಇನ್ನು ಕೆಲಸ ಎಲ್ಲಿ ಸಿಗುತ್ತೆ?
– ಒಬ್ಬ ತಾಯಿ

ಉತ್ತರ: ಗಾಬರಿಯಾಗಬೇಡಿ ತಾಯಿ. ಸುದ್ದಿ ನಿಜ. ಡೆನ್ಮಾರ್ಕಿನ ಓರ್ಸ್ಟೆಡ್ 2025ರ ಮೇ ತಿಂಗಳಲ್ಲಿ ಈ ಯೋಜನೆಯನ್ನು ಆಗಿದ್ದ ರೂಪದಲ್ಲಿ ನಿಲ್ಲಿಸಿತು. ಅದು 2,400 ಮೆಗಾವಾಟಿನದು. ನಮ್ಮ ಶರಾವತಿ ವಿದ್ಯುದಾಗಾರವೇ 1,035. ನನಗೂ ಬೇಜಾರಾಯಿತು.

ಆದರೆ ಗಾಳಿ ಸಾಲದೆ ನಿಂತಿದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರದ ಹರಾಜಿನಲ್ಲಿ ಗೆದ್ದಾಗಲೇ ಕರೆಂಟಿನ ದರ ನಿಗದಿಯಾಗಿತ್ತು. ಆಮೇಲೆ ಸಾಮಾನಿನ ಬೆಲೆ ಏರಿತು, ಬಡ್ಡಿಯ ಹೊರೆಯೂ ಹೆಚ್ಚಿತು ಎಂದು ಕಂಪನಿ ಹೇಳಿತು. ಮದುವೆ ಊಟಕ್ಕೆ ಮೊದಲೇ ರೇಟು ಒಪ್ಪಿಕೊಂಡ ಅಡುಗೆಯವರಿಗೆ ಎಣ್ಣೆ, ಬೇಳೆ ತುಟ್ಟಿಯಾದರೆ ಹೇಗಾಗುತ್ತೆ, ಹಾಗೆ. ಕಂಬ ನೆಟ್ಟ ಮೇಲೆ ನಿಲ್ಲಿಸುವುದಕ್ಕಿಂತ ಮುಂಚೆಯೇ ನಿಲ್ಲಿಸಿದ್ದು ಸರಿ ಎಂದೇ ನನ್ನ ಅನಿಸಿಕೆ.

ಈ ಖರ್ಚು ನನಗೆ ಅರ್ಥವಾಗುತ್ತದೆ. ಕಪ್ಪತಗುಡ್ಡದ ಕಡೆ ಹನ್ನೊಂದು ವರ್ಷ ಫ್ಯಾನುಗಳ ರಿಪೇರಿ ಮಾಡಿದವನು ನಾನು. ಹೈಡ್ರಾಲಿಕ್ ಪಂಪಿನ ಸೀಲ್ ಹೋಗಿ ಏಣಿಯುದ್ದಕ್ಕೂ ಎಣ್ಣೆ ಇಳಿದಿರುತ್ತಿತ್ತು. ಒಬ್ಬ ಹಳೇ ಬನಿಯನ್‌ನಿಂದ ಮೆಟ್ಟಿಲು ಮೆಟ್ಟಿಲೂ ಒರೆಸುತ್ತಾ ಮೇಲೆ ಹೋಗುತ್ತಿದ್ದ. ಇನ್ನೊಬ್ಬ ಬೈಕ್ ಹತ್ತಿ ಗದಗಕ್ಕೆ ಹೋಗಿ ಸೀಲ್ ತರುತ್ತಿದ್ದ. ಸಂಜೆಗೆ ಫ್ಯಾನು ತಿರುಗುತ್ತಿತ್ತು. ಸಮುದ್ರದಲ್ಲಿ ಅದೇ ಸೀಲ್‌ಗೆ ಹಡಗು ಬೇಕು. ಅಲೆ ಜಾಸ್ತಿ ಇದ್ದರೆ ಹಡಗಿನಿಂದ ಕಂಬಕ್ಕೆ ಕಾಲಿಡುವ ಹಾಗೇ ಇಲ್ಲ, ಕಾಯಬೇಕು.

ಮಗಳ ಕೆಲಸ ಇರುವುದೂ ಅಲ್ಲೇ. ಹಾರ್ನ್‌ಸೀ 1 ಮತ್ತು 2 ಈಗಾಗಲೇ ಕರೆಂಟು ಕೊಡುತ್ತಿವೆ. 2,900 ಮೆಗಾವಾಟಿನ ಹಾರ್ನ್‌ಸೀ 3 ಕಟ್ಟುವ ನಿರ್ಧಾರ 2023ರ ಡಿಸೆಂಬರಿನಲ್ಲೇ ಆಗಿದೆ. ಇವಕ್ಕೆಲ್ಲ ವರ್ಷವಿಡೀ ರಿಪೇರಿಯವರು ಬೇಕಲ್ವಾ? ಓರ್ಸ್ಟೆಡ್‌ನ ರಿಪೇರಿ ನೆಲೆ ಇರುವುದು ಗ್ರಿಮ್ಸ್‌ಬಿ ಬಂದರಿನಲ್ಲಿ, ಹಲ್‌ನಿಂದ ನದಿಯಾಚೆ. ಹಲ್‌ನಲ್ಲೇ ಸೀಮೆನ್ಸ್ ಗಮೇಸಾ ಕಂಪನಿಯ ಫ್ಯಾನು ರೆಕ್ಕೆಗಳ ಕಾರ್ಖಾನೆಯಿದೆ. ಹೊಸ ಯೋಜನೆಗಳ ಪ್ಲಾನಿಂಗ್ ಕೆಲಸಕ್ಕೆ ಮಾತ್ರ ಈಗ ಕಾಯದಿರಲಿ.

ಪರೀಕ್ಷೆ ಮುಗಿದ ಕೂಡಲೇ ಜಿಡಬ್ಲ್ಯುಒ (ಗಾಳಿ ವಿದ್ಯುತ್ ಕಂಪನಿಗಳ ಜಾಗತಿಕ ಸಂಸ್ಥೆ) ಸುರಕ್ಷತಾ ತರಬೇತಿ ಮುಗಿಸಿಕೊಳ್ಳಲಿ. ಎತ್ತರದ ಕೆಲಸ, ಪ್ರಥಮ ಚಿಕಿತ್ಸೆ, ನೀರಿಗೆ ಬಿದ್ದರೆ ಬದುಕುವುದು, ಎಲ್ಲ ಕಲಿಸುತ್ತಾರೆ. ಸರ್ಟಿಫಿಕೇಟು ಎರಡು ವರ್ಷ ನಡೆಯುತ್ತದೆ. ಕೆಲಸ ಸಿಕ್ಕ ದಿನ ನನಗೂ ಒಂದು ಕಾಗದ ಬರೆಯಿರಿ.