ನೂರೈವತ್ತನೇ ಬೋರ್‌ನಲ್ಲಿ ಸಿಕ್ಕಿದ್ದೇನು?

ಹಿಂದಿನ ಸಂಚಿಕೆಯಲ್ಲಿ ಮಂಗೋಲಿಯಾದ ಓಯು ತೋಲ್ಗೋಯ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಗೋಬಿ ಮರುಭೂಮಿಯಲ್ಲಿ, ಚೀನಾ ಗಡಿಯಿಂದ ಸುಮಾರು 80 ಕಿ.ಮೀ. ದೂರದಲ್ಲಿರುವ ತಾಮ್ರ ಮತ್ತು ಚಿನ್ನದ ಜಾಗ, ಒಂದು ಕಂಪನಿ ಕೈಬಿಟ್ಟಿದ್ದು ಇನ್ನೊಂದಕ್ಕೆ ಒಲಿಯಿತು ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದು ಲಕೋಟೆಯಲ್ಲಂತೂ ಕಲ್ಲೇ ಬಂದಿದೆ. ಅದನ್ನು ಕೊನೆಗೆ ನೋಡೋಣ.

ಪ್ರಶ್ನೆ: ಬಿ.ಎಚ್.ಪಿ.ಯಂಥ ದೊಡ್ಡ ಕಂಪನಿ ಬೋರ್ ಕೊರೆಸಿ, ಏನೂ ಇಲ್ಲ ಅಂತ ಎದ್ದು ಹೋಯಿತು ಅಂದರೆ ಹೇಗೆ ನಂಬೋದು? ಅವರ ಜಿಯಾಲಜಿಸ್ಟ್‌ಗಳಿಗೆ ಕಣ್ಣಿರಲಿಲ್ವಾ? (ಒಬ್ಬ ರೈತರು, ಹಿರಿಯೂರು)

ಉತ್ತರ: ಏನೂ ಇಲ್ಲ ಅಂತ ಅವರು ಹೋಗಲಿಲ್ಲ. ಇದ್ದದ್ದು ಸಾಲದು ಅಂತ ಹೋದರು. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾ? ನಿಮ್ಮ ತೋಟದಲ್ಲಿ 600 ಅಡಿ ಇಳಿಸಿದರೂ ಬರೀ ಧೂಳು ಬಂದಿರುತ್ತದೆ, ಬೇಲಿಯಾಚೆ ಪಕ್ಕದವರಿಗೆ ಎರಡೂವರೆ ಇಂಚು ನೀರು. ಹಾಗಂತ ಪಾಯಿಂಟ್ ಹಾಕಿದವನು ಮೋಸಗಾರ ಅಂತಲ್ಲ.

ಮೊದಲಿಂದ ಹೇಳುತ್ತೇನೆ. ಓಯು ತೋಲ್ಗೋಯ್ ಅಂದರೆ ಮಂಗೋಲಿಯನ್ ಭಾಷೆಯಲ್ಲಿ ಫಿರೋಜಾ ಹರಳಿನ ಗುಡ್ಡ. ಅಲ್ಲಿನ ಬಂಡೆಗಳ ಮೇಲೆ ಹಸಿರು, ನೀಲಿ ಬಣ್ಣ ಮೆತ್ತಿಕೊಂಡಿದೆ. ಅಜ್ಜಿ ಕಾಲದ ತಾಮ್ರದ ಹಂಡೆಗೆ ಕಿಲುಬು ಹಿಡಿಯುತ್ತದಲ್ಲ, ಅದೇ. ಕಂಚಿನ ಯುಗದ ಜನ ಈ ಕಿಲುಬು ನೋಡಿಯೇ ಅಲ್ಲಿ ಸಣ್ಣ ಸಣ್ಣ ಗುಂಡಿ ತೋಡಿ ತಾಮ್ರ ತೆಗೆದಿದ್ದರು. ಹೊಸ ಕಾಲದಲ್ಲಿ 1983ರಲ್ಲಿ ದೊಂದೋಗ್ ಗರಮ್‌ಜಾವ್ ಎಂಬ ಮಂಗೋಲಿಯನ್ ಭೂವಿಜ್ಞಾನಿ ಅಲ್ಲಿ ಓಡಾಡಿ ಲಕ್ಷಣ ಚೆನ್ನಾಗಿದೆ ಅಂತ ಗುರುತಿಸಿದ್ದರು. 1996ರಲ್ಲಿ ಮ್ಯಾಗ್ಮಾ ಕಾಪರ್ ಎಂಬ ಅಮೆರಿಕನ್ ಕಂಪನಿಯ ತಂಡ ಬಂತು. ಅಷ್ಟರಲ್ಲಿ ಆ ಕಂಪನಿಯನ್ನೇ ಆಸ್ಟ್ರೇಲಿಯಾದ ಬಿ.ಎಚ್.ಪಿ. ಕೊಂಡುಕೊಂಡಿತ್ತು. 1997, 1998ರಲ್ಲಿ ಅವರು 23 ಬೋರ್ ಕೊರೆದರು. ತಾಮ್ರ ಸಿಕ್ಕಿತು, ಚಿನ್ನವೂ ಸಿಕ್ಕಿತು. ಆದರೆ ಆಗ ತಾಮ್ರದ ದರ ಪಾತಾಳಕ್ಕೆ ಇಳಿದಿತ್ತು, ಮ್ಯಾಗ್ಮಾವನ್ನು ಕೊಂಡಿದ್ದಕ್ಕೆ ಬಿ.ಎಚ್.ಪಿ. ಚೆನ್ನಾಗಿಯೇ ಕೈ ಸುಟ್ಟುಕೊಂಡಿತ್ತು. ಮೊದಲು ಕತ್ತರಿ ಬೀಳೋದು ಯಾವುದಕ್ಕೆ? ಹುಡುಕಾಟದ ಖರ್ಚಿಗೆ. 1999ರಲ್ಲಿ ಅವರು ಕೆಲಸ ನಿಲ್ಲಿಸಿ, ಯಾರಿಗಾದರೂ ಬೇಕಿದ್ದರೆ ಬನ್ನಿ ಅಂತ ಕೂತರು.

2000ದಲ್ಲಿ ಬಂದದ್ದು ರಾಬರ್ಟ್ ಫ್ರೀಡ್‌ಲ್ಯಾಂಡ್ ಅವರ ಐವನ್‌ಹೋ ಮೈನ್ಸ್. ಅವರೂ ಏನು ದೊಡ್ಡ ಕನಸು ಕಟ್ಟಿಕೊಂಡು ಬಂದವರಲ್ಲ. ಮೇಲ್ಪದರದ ತಾಮ್ರ ಸಾಕು ಅಂತ ಬಂದವರು. ಮಳೆ ನೀರು ಲಕ್ಷಾಂತರ ವರ್ಷ ಇಳಿದು ಇಳಿದು ಮೇಲಿನ ತಾಮ್ರವನ್ನು ಕರಗಿಸಿ, ಕೆಳಗೆ ಒಂದು ಮಟ್ಟದಲ್ಲಿ ಹೆಪ್ಪುಗಟ್ಟಿಸುತ್ತದೆ. ಕಂಬಳಿ ಹಾಸಿದ ಹಾಗೆ. ಅದು ಎಲ್ಲೆಲ್ಲಿದೆ ಅಂತ ಹೆಚ್ಚು ಆಳಕ್ಕೆ ಹೋಗದ ಬೋರ್‌ಗಳನ್ನು ಸಾಲಾಗಿ ಹಾಕಿದರು. ಆಮೇಲೆ 2001ರಲ್ಲಿ ಗುಡ್ಡದ ನೈಋತ್ಯಕ್ಕೆ ಒಂದು ಬೋರ್ ಆಳಕ್ಕೆ ಇಳಿಸಿದರು. ಅದರ ನಂಬರ್ 150. ಒಂದೇ ಸಮನೆ 508 ಮೀಟರ್ ಉದ್ದಕ್ಕೂ ಅದಿರು! ತಾಮ್ರ ಶೇಕಡಾ 0.81, ಚಿನ್ನ ಟನ್ನಿಗೆ 1.17 ಗ್ರಾಂ. ಕತೆ ತಿರುಗಿದ್ದು ಅಲ್ಲಿ.

ಇದರಲ್ಲಿ ನನಗೆ ಇಷ್ಟವಾಗುವ ವಿಷಯ ಒಂದಿದೆ. ಐವನ್‌ಹೋದವರು ಬಿ.ಎಚ್.ಪಿ.ಯವರಿಗಿಂತ ಜಾಣರಾಗಿರಲಿಲ್ಲ. ಹಿಂದಿನವರ ನಕ್ಷೆ, ಹಿಂದಿನವರ ಬೋರ್ ದಾಖಲೆ, ಎಲ್ಲ ಅವರ ಕೈಯಲ್ಲಿತ್ತು. ನಿಲ್ಲಿಸಿದ ಜಾಗದಿಂದ ಮುಂದುವರಿಸಿದರು, ಅಷ್ಟೆ.

ಪ್ರಶ್ನೆ: ಟನ್ನಿಗೆ ಒಂದು ಗ್ರಾಂ ಚಿನ್ನ ಅಂದರೆ ಅದೂ ಒಂದು ಚಿನ್ನವಾ ಸಾರ್? ಕೂಲಿಯೂ ಗಿಟ್ಟಲ್ಲ. (ಚಿನ್ನ ಬೆಳ್ಳಿ ಕೆಲಸ ಮಾಡುವವರು, ದಾವಣಗೆರೆ)

ಉತ್ತರ: ನೀವು ಗ್ರಾಂ ಲೆಕ್ಕದಲ್ಲಿ ದಿನ ಕಳೆಯುವವರು, ನಿಮಗೆ ಬೇಗ ಅರ್ಥವಾಗುತ್ತದೆ. ಒಂದು ಟನ್ ಬಂಡೆ ಅಂದರೆ ಉದ್ದ ಅಗಲ ಎತ್ತರ ಎಲ್ಲ ಸುಮಾರು 70 ಸೆಂ.ಮೀ. ಇರುವ ಒಂದು ಚೌಕ. ಅದರಲ್ಲಿ ಒಂದು ಗ್ರಾಂ ಚಿನ್ನ ಅಂದರೆ ಒಂದು ಹೆಸರುಕಾಳಿನಷ್ಟು. ಅದೂ ಕಾಳಿನ ಹಾಗೆ ಒಂದೇ ಕಡೆ ಇರಲ್ಲ, ಕಣ್ಣಿಗೆ ಕಾಣದ ಹುಡಿಯಾಗಿ ಎಲ್ಲಾ ಕಡೆ ಚದುರಿರುತ್ತದೆ. ಬರೀ ಚಿನ್ನ ನಂಬಿದರೆ ನಿಮ್ಮ ಮಾತು ಸರಿ ಆಗಬಹುದು. ಆದರೆ ಅದೇ ಕಲ್ಲಲ್ಲಿ 8 ಕೆ.ಜಿ. ತಾಮ್ರ ಇದೆಯಲ್ಲ! 2001ರ ದರದಲ್ಲಿ ಆ 8 ಕೆ.ಜಿ. ತಾಮ್ರಕ್ಕೆ ಹನ್ನೆರಡು ಡಾಲರ್ ಆಸುಪಾಸು, ಚಿನ್ನಕ್ಕೆ ಹತ್ತು ಡಾಲರ್ ಆಸುಪಾಸು. ಒಂದೇ ಸಲ ಅಗೆದು, ಒಂದೇ ಸಲ ಅರೆದು, ಎರಡು ಬೆಳೆ. ಅಡಿಕೆ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ. ಜೊತೆಗೆ ಇಂಥ ಕಲ್ಲು ಅಲ್ಲಿ ಕೋಟಿಗಟ್ಟಲೆ ಟನ್ ಇದೆ. ಒಡವೆ ಅಂಗಡಿಯ ಲೆಕ್ಕ ಇಲ್ಲಿ ನಡೆಯೋದಿಲ್ಲ, ಕಲ್ಲು ಕ್ವಾರಿಯ ಲೆಕ್ಕ ಬೇಕು.

ಪ್ರಶ್ನೆ: ತಾಮ್ರ ಚಿನ್ನ ಎರಡೂ ಒಂದೇ ಕಡೆ ಯಾಕೆ? ನಮ್ಮ ಕೋಲಾರದ ಚಿನ್ನವೂ ಹೀಗೇನಾ? (ಪದವಿ ವಿದ್ಯಾರ್ಥಿನಿ, ಬಂಗಾರಪೇಟೆ)

ಉತ್ತರ: ಇಲ್ಲ, ಇವೆರಡೂ ಬೇರೆ ಬೇರೆ ಜಾತಿ. ಕೋಲಾರದ್ದು ಬಹಳ ಹಳೇದು, ಸುಮಾರು 270 ಕೋಟಿ ವರ್ಷದ ಕಪ್ಪು ಶಿಲೆಯ ಸೀಳುಗಳಲ್ಲಿ ಬೆಣಚುಕಲ್ಲಿನ ಎಳೆಯಾಗಿ ಚಿನ್ನ ಕೂತಿದೆ. ಅಗಲ ಕಮ್ಮಿ, ಚಿನ್ನ ಜಾಸ್ತಿ. ಅದಕ್ಕೇ ಆ ಎಳೆಯನ್ನೇ ಹಿಡಿದು 3 ಕಿ.ಮೀ.ಗೂ ಆಳಕ್ಕೆ ಇಳಿದರು, ಸುಮಾರು 800 ಟನ್ ತೆಗೆದರು.

ಓಯು ತೋಲ್ಗೋಯ್ ಆ ಲೆಕ್ಕದಲ್ಲಿ ಮಗು, ಸುಮಾರು 37 ಕೋಟಿ ವರ್ಷ. ಆಗ ಅಲ್ಲಿ ಜ್ವಾಲಾಮುಖಿಗಳ ಸಾಲು ಇತ್ತು. ಜ್ವಾಲಾಮುಖಿಯ ಬುಡದಲ್ಲಿ ಕರಗಿದ ಶಿಲೆ ಮೇಲೇರುತ್ತಾ ತಣ್ಣಗಾಗುವಾಗ ಅದರೊಳಗಿನ ನೀರು ಬೇರೆಯಾಗುತ್ತದೆ. ಉಪ್ಪು, ಗಂಧಕ ಬೆರೆತ, ಕುದಿಯೋದಕ್ಕಿಂತ ಎಷ್ಟೋ ಪಾಲು ಬಿಸಿಯಾದ ನೀರು. ತಾಮ್ರ, ಚಿನ್ನ ಎರಡಕ್ಕೂ ಈ ನೀರಲ್ಲಿ ಕರಗಿ ಬರಲು ಇಷ್ಟ. ಹೊರಗೆ ಹೋಗಲು ದಾರಿ ಇಲ್ಲದೆ ಒತ್ತಡ ಏರಿ ಏರಿ ಸುತ್ತಲಿನ ಬಂಡೆ ಸಾವಿರ ಬಿರುಕು ಬಿಡುತ್ತದೆ. ಕುಕ್ಕರ್ ವಿಸಿಲ್ ಕಟ್ಟಿಕೊಂಡರೆ ಏನಾಗುತ್ತೆ, ಹಾಗೆ. ಬಿರುಕಿಗೆ ನುಗ್ಗಿದ ನೀರು ತಣ್ಣಗಾದಾಗ ತಂದ ಲೋಹವನ್ನೆಲ್ಲ ಅಲ್ಲೇ ಬಿಡುತ್ತದೆ. ಇಂಥದ್ದಕ್ಕೆ ಪೋರ್ಫಿರಿ ನಿಕ್ಷೇಪ ಅಂತಾರೆ. ಇಡೀ ಗುಡ್ಡವೇ ಬಡ ಅದಿರು.

ಇಷ್ಟು ಹಳೆಯ ಪೋರ್ಫಿರಿ ಉಳಿಯೋದೇ ಅಪರೂಪ. ಬೆಟ್ಟಗಳು ಮಳೆ ಗಾಳಿಗೆ ಸವೆದು ಹೋಗುವಾಗ ಅದಿರೂ ಕೊಚ್ಚಿ ಹೋಗುತ್ತದೆ. ಇಲ್ಲಿ ಮೇಲಿಂದ ಬೇರೆ ಶಿಲೆ ಬಂದು ಮುಚ್ಚಿಕೊಂಡಿದ್ದರಿಂದ ಉಳಿಯಿತು. ಮುಚ್ಚಿಕೊಂಡಿದ್ದರಿಂದಲೇ ಬೇಗ ಸಿಗಲೂ ಇಲ್ಲ.

ಇನ್ನೊಂದು ಮಾತು, ನಿಮ್ಮ ಊರಿನವರಿಗೆ ಅಂತ. ಕೆ.ಜಿ.ಎಫ್. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ. ಗೋಬಿಯಲ್ಲಿ ನಂಬರ್ 150 ಬೋರ್ ಸಿಕ್ಕಿದ್ದು ಅದೇ ವರ್ಷ.

ಪ್ರಶ್ನೆ: ಬೋರ್‌ನಿಂದ ಬಂದ ಕಲ್ಲಲ್ಲಿ ಎಷ್ಟು ಚಿನ್ನ ಇದೆ ಅಂತ ಹೇಗೆ ಗೊತ್ತಾಗುತ್ತೆ? ಯಾರಾದರೂ ಸುಳ್ಳು ಹೇಳಿದರೆ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ಬ್ಯಾಂಕಿನವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ನಮ್ಮ ನೀರಿನ ಬೋರ್‌ನಲ್ಲಿ ಕಲ್ಲು ಪುಡಿಯಾಗಿ ಹೊರಗೆ ಹಾರುತ್ತದೆ. ಅದಿರಿನ ಹುಡುಕಾಟದಲ್ಲಿ ವಜ್ರದ ಚೂರು ಕೂರಿಸಿದ ಟೊಳ್ಳು ಬಿಟ್ ಹಾಕುತ್ತಾರೆ. ಸೋರೆಕಾಯಿಗೆ ಕೊಳವೆ ಚುಚ್ಚಿ ತಿರುಳು ತೆಗೆದ ಹಾಗೆ, ಕಲ್ಲು ಉದ್ದನೆಯ ಕೋಲಾಗಿ ಬರುತ್ತದೆ. ಅದೇ ಕೋರ್. ಅದನ್ನು ಪೆಟ್ಟಿಗೆಯ ತೋಡುಗಳಲ್ಲಿ ಸಾಲಾಗಿ ಜೋಡಿಸಿ, ನಡುನಡುವೆ ಆಳ ಬರೆದ ಮರದ ತುಂಡು ಇಡಬೇಕು. ಚೊಂಬಿನಿಂದ ನೀರು ಹಾಕಿದರೆ ಕೋರ್ ಜೀವ ಬಂದ ಹಾಗೆ ಹೊಳೆಯುತ್ತದೆ: ಬೂದು ಕಲ್ಲು, ಅಡ್ಡಾದಿಡ್ಡಿ ಬಿಳಿ ಬೆಣಚು ಗೆರೆಗಳು, ಗೆರೆ ಮಧ್ಯೆ ಹಿತ್ತಾಳೆ ಬಣ್ಣದ ಚಾಲ್ಕೋಪೈರೈಟ್, ಅಂದರೆ ತಾಮ್ರದ ಅದಿರು. ಚಿನ್ನ ಮಾತ್ರ ಕಾಣಲ್ಲ. ನಾನು ಹುಡುಗನಾಗಿದ್ದಾಗ ಒಂದು ಕ್ಯಾಂಪಿನಲ್ಲಿ ಕುರಿ ಹಿಂಡು ನುಗ್ಗಿ ಆರು ಪೆಟ್ಟಿಗೆ ಮಗುಚಿ ಹಾಕಿತ್ತು. ಮೂರು ದಿನದ ಕೋರ್, ಯಾವುದು ಯಾವ ಆಳದ್ದು ಅಂತ ಜೋಡಿಸೋಕೆ ನನಗೆ ಎಂಟು ದಿನ ಹಿಡಿಯಿತು. ಬೈಗುಳ ಬೇರೆ.

ಆಮೇಲೆ ಕೋರನ್ನು ಗರಗಸದಲ್ಲಿ ಉದ್ದಕ್ಕೆ ಎರಡು ಹೋಳು ಮಾಡುತ್ತಾರೆ. ಒಂದು ಹೋಳು ಲ್ಯಾಬಿಗೆ. ಇನ್ನೊಂದು ಪೆಟ್ಟಿಗೆಯಲ್ಲೇ ಉಳಿಯಬೇಕು, ಸಾಕ್ಷಿಗೆ. ಈ ಅರ್ಧ ಹೋಳು ಎಷ್ಟು ಮುಖ್ಯ ಅಂದರೆ, ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಕೆನಡಾದ ಬ್ರಿ-ಎಕ್ಸ್ ಕಂಪನಿ ಕೋರನ್ನು ಪೂರ್ತಿ ಪುಡಿ ಮಾಡಿ ಕಳಿಸುತ್ತಿತ್ತು, ಹೋಳು ಉಳಿಸುತ್ತಿರಲಿಲ್ಲ. ಲ್ಯಾಬಿಗೆ ಹೋಗುವ ಪುಡಿಗೆ ನದಿ ಮರಳಿನ ಚಿನ್ನ ಬೆರೆಸಿದ್ದರು. 1997ರಲ್ಲಿ ಬೇರೆಯವರು ಪಕ್ಕದಲ್ಲೇ ಹೊಸದಾಗಿ ಕೊರೆದು ನೋಡಿದಾಗ ಬಂಡವಾಳ ಬಯಲಾಯಿತು. ಶೇರು ಕೊಂಡವರು ಕೋಟಿಗಟ್ಟಲೆ ಡಾಲರ್ ಕಳೆದುಕೊಂಡರು.

ಸುಳ್ಳೇ ಆಗಬೇಕಿಲ್ಲ, ಆತುರವೂ ಸಾಕು. 2020ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್‌ಗೂ ಜಾಸ್ತಿ ಚಿನ್ನ ಅಂತ ಟೀವಿಯಲ್ಲೆಲ್ಲ ಕುಣಿದರಲ್ಲ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹೇಳಿದ ಲೆಕ್ಕ ಬೇರೆ. ಸುಮಾರು 52,806 ಟನ್ ಅದಿರು, ಟನ್ನಿಗೆ 3.03 ಗ್ರಾಂ. ಗುಣಿಸಿ ನೋಡಿ, 160 ಕೆ.ಜಿ. ಅದಿರಿನ ಟನ್ ಯಾವುದು, ಚಿನ್ನದ ಟನ್ ಯಾವುದು ಅಂತ ಮೊದಲು ಕೇಳಿ.

ಪ್ರಶ್ನೆ: ಈಗ ಅಲ್ಲಿ ಏನು ನಡೆಯುತ್ತಿದೆ? ಅಲ್ಲಿನ ಜನಕ್ಕೆ ಏನಾದರೂ ಸಿಕ್ಕಿತಾ? (ಶಾಲಾ ಶಿಕ್ಷಕಿ, ಸಂಡೂರು)

ಉತ್ತರ: 150ರ ನಂತರ ನೆಲಕ್ಕೆ ಕರೆಂಟ್ ಹಾಯಿಸಿ ಹುಡುಕುವ ವಿಧಾನವನ್ನು ಹೆಚ್ಚು ಆಳಕ್ಕೆ ನೋಡುವ ಹಾಗೆ ಮತ್ತೆ ಮಾಡಿದರು. ಗಂಧಕ ಬೆರೆತ ಅದಿರಿನ ಕಣಗಳು ಕರೆಂಟ್ ನಿಲ್ಲಿಸಿದ ಮೇಲೂ ಒಂದು ಕ್ಷಣ ಚಾರ್ಜ್ ಹಿಡಿದಿರುತ್ತವೆ, ಅದನ್ನು ಅಳೆಯೋದು. ಉತ್ತರಕ್ಕೆ ಇನ್ನೂ ದೊಡ್ಡದು ಸಿಕ್ಕಿತು, ಮೇಲಿಂದ ನೋಡಿದರೆ ಸುಳಿವೇ ಇಲ್ಲದ್ದು. 2002ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಕಂಪನಿಯ ಭೂವಿಜ್ಞಾನಿ ಹ್ಯೂಗೋ ಡಮೆಟ್ ಹೆಸರನ್ನೇ ಅದಕ್ಕೆ ಇಟ್ಟರು. 2006ರಲ್ಲಿ ರಿಯೋ ಟಿಂಟೋ ಎಂಬ ದೊಡ್ಡ ಗಣಿ ಕಂಪನಿ ಬಂತು. 2009ರ ಒಪ್ಪಂದದಲ್ಲಿ ಮಂಗೋಲಿಯಾ ಸರ್ಕಾರಕ್ಕೆ ಶೇಕಡಾ 34 ಪಾಲು. ತೆರೆದ ಗಣಿಯಿಂದ 2013ರಲ್ಲಿ ತಾಮ್ರ ಹೊರಟಿತು, ಸುಮಾರು 1,300 ಮೀಟರ್ ಆಳದ ಗಣಿ 2023ರಲ್ಲಿ ಶುರುವಾಯಿತು.

ಜನ? ಅದು ಕುರಿ, ಒಂಟೆ, ಕುದುರೆ ಸಾಕುವವರ ಸೀಮೆ. ಗಣಿಗಾಗಿ ಉಂದಾಯ್ ನದಿಯ ದಿಕ್ಕು ತಿರುಗಿಸಿದಾಗ ಅವರು ವಿಶ್ವಬ್ಯಾಂಕ್ ಗುಂಪಿನ ದೂರು ವಿಭಾಗಕ್ಕೇ ಹೋದರು, ವರ್ಷಗಟ್ಟಲೆ ಮಾತುಕತೆ ನಡೆದು 2017ರಲ್ಲಿ ಒಪ್ಪಂದವಾಯಿತು. ಪಾಲಿನ ಬಗ್ಗೆ ಸರ್ಕಾರ ಮತ್ತು ಕಂಪನಿಯ ಜಗಳವೂ ಬಹಳ ಕಾಲ ಎಳೆಯಿತು. ಸಂಡೂರಿನಲ್ಲಿ ಇರುವ ನಿಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಪ್ರಶ್ನೆ: ನಮ್ಮ ಬೋರ್ ಕೊರೆಸುವಾಗ 480 ಅಡಿಯಲ್ಲಿ ಬಂದ ಕಲ್ಲು ಇದರ ಜೊತೆ ಇಟ್ಟಿದ್ದೇನೆ. ಚಿನ್ನದ ಥರ ಹೊಳೆಯುತ್ತಿದೆ. ಯಾರಿಗೂ ಹೇಳಿಲ್ಲ. (ಹೆಸರು ಬೇಡ ಅಂದಿದ್ದಾರೆ)

ಉತ್ತರ: ನಾನೂ ಯಾರಿಗೂ ಹೇಳಲ್ಲ. ಪಿನ್ನಿನಿಂದ ಗೀರಿದೆ. ಚಿನ್ನವಾಗಿದ್ದರೆ ಮೆತ್ತಗೆ ಗೀರು ಬಿದ್ದು ಹಳದಿಯಾಗೇ ಉಳಿಯಬೇಕಿತ್ತು. ಚಾಲ್ಕೋಪೈರೈಟ್ ಆಗಿದ್ದರೂ ಗೀರು ಬೀಳುತ್ತಿತ್ತು. ಇದರಲ್ಲಿ ಪಿನ್ನಿನ ಮೊನೆಯೇ ಮೊಂಡಾಯಿತು. ಪಿಂಗಾಣಿಯ ಹೊಳಪಿಲ್ಲದ ಬೆನ್ನಿಗೆ ಉಜ್ಜಿದರೆ ಕಪ್ಪು ಗೆರೆ. ಚೌಕ ಚೌಕ ಹರಳು ಬೇರೆ. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ. ನೀವು ಬೇಸರ ಮಾಡಿಕೊಳ್ಳಬೇಡಿ, ಇದಕ್ಕೆ ಮೋಸಹೋದವರ ಪಟ್ಟಿ ಬಹಳ ಉದ್ದ ಇದೆ. ವಿಳಾಸ ಬರೆದ ಲಕೋಟೆ ಕಳಿಸಿದರೆ ಕಲ್ಲು ವಾಪಸ್ ಕಳಿಸುತ್ತೇನೆ. ಮನೆಯಲ್ಲಿ ಒಣಗಿದ ಜಾಗದಲ್ಲಿಡಿ. ನೀರು ತಾಗುವ ಕಡೆ ಇಟ್ಟರೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಸೋರಿ ನೆಲವೆಲ್ಲ ಕಲೆಯಾಗುತ್ತದೆ, ತೊಳೆದರೂ ಹೋಗಲ್ಲ.