ಜಲಪಾತದ ನೆತ್ತಿಯ ಸುಂಕದ ಕಟ್ಟೆ

ಪ್ರಶ್ನೆ: ನಾವು ವಿರಾಜಪೇಟೆಯ ಬಳಿ ಕಾಫಿ ಬೆಳೆಯುವವರು, ಗಂಡ ಹೆಂಡತಿ ಇಬ್ಬರೂ ಅರವತ್ತು ದಾಟಿದವರು. ಈ ವರ್ಷ ಕೈಲ್‌ಪೊಳ್ದ್ ಮುಗಿಸಿಕೊಂಡು ಅಮೆರಿಕದ ಡೆನ್ವರ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ತುಲಾ ಸಂಕ್ರಮಣಕ್ಕೆ ಮೊದಲು ಮರಳಬೇಕು. ಕೊಲರಾಡೊದ ಯೂರೇ ಎಂಬ ಊರಿನ ಹತ್ತಿರ ಗಣಿಗಾರಿಕೆಯ ಕಾಲದ ಸುಂಕದ ಕಟ್ಟೆಯಿದ್ದ ಸ್ಥಳವನ್ನು ತೋರಿಸುವುದಾಗಿ ಮಗ ಹೇಳುತ್ತಾನೆ. ಅಲ್ಲಿ ಏನು ಉಳಿದಿದೆ? ಆ ರಸ್ತೆಗೆ ತಡೆಗೋಡೆಯೇ ಇಲ್ಲವೆಂಬುದು ನಿಜವೇ? ನನ್ನ ಪತ್ನಿಗೆ ಪ್ರಪಾತ ಕಂಡರೆ ತಲೆ ಸುತ್ತುತ್ತದೆ.

ಉತ್ತರ: ಕಟ್ಟೆಯ ಕಟ್ಟಡ ಈಗ ಇಲ್ಲ. ಯೂರೇಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಬೇರ್ ಕ್ರೀಕ್ ಜಲಪಾತ ಸಿಗುತ್ತದೆ. ಆ ಹಳ್ಳದ ಸೇತುವೆಯೇ ನೀವು ಕೇಳಿದ ಸ್ಥಳ. ಈಗ ಅಲ್ಲಿರುವುದು ಹೆದ್ದಾರಿಯ ಸೇತುವೆ, ಅದರ ಪಕ್ಕದಲ್ಲಿ ವಾಹನ ನಿಲ್ಲಿಸಿ ನೋಡುವ ಜಾಗ, ಮತ್ತು ಆ ರಸ್ತೆಯನ್ನು ಕಟ್ಟಿಸಿದ ಆಟೋ ಮಿಯರ್ಸ್ ಎಂಬಾತನ ಸ್ಮಾರಕ. ಇಷ್ಟೇ ಎಂದು ತಿಳಿದು ಐದು ನಿಮಿಷಕ್ಕೆ ಹಿಂದಿರುಗುವವರೇ ಹೆಚ್ಚು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಅಲ್ಲಿ ನೋಡಬೇಕಾದುದು ಸುಂಕ ವಸೂಲಿಗೆ ಬೇರೆಲ್ಲ ಜಾಗ ಬಿಟ್ಟು ಅದನ್ನೇ ಏಕೆ ಆರಿಸಿದರು ಎಂಬುದನ್ನು.

ಸೇತುವೆಯ ಬಳಿ ನಿಂತು ಎರಡೂ ಬದಿಗೆ ಕಣ್ಣು ಹಾಯಿಸಿದರೆ ಕಾರಣ ತಾನಾಗಿ ತಿಳಿಯುತ್ತದೆ. ಒಂದು ಬದಿಗೆ ನೆಟ್ಟಗೆ ಎದ್ದ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಅನ್‌ಕಂಪಾಗ್ರೆ ನದಿಯ ಕೊರಕಲು, ಕಾಲಡಿಯಲ್ಲಿ ಇನ್ನೂರು ಅಡಿಗೂ ಹೆಚ್ಚು ಆಳಕ್ಕೆ ಧುಮುಕುವ ನೀರು. ಮಾಕುಟ್ಟದ ತಪಾಸಣಾ ಠಾಣೆಯನ್ನು ದಾಟದೆ ಘಟ್ಟ ಇಳಿಯುವುದು ನಮ್ಮ ಕಡೆಯ ವಾಹನಗಳಿಗೆ ಹೇಗೆ ಆಗದೋ, ಹಾಗೆಯೇ ಈ ಸೇತುವೆಯನ್ನು ತಪ್ಪಿಸಿ ಯಾವ ಬಂಡಿಯೂ ಮೇಲಿನ ಗಣಿಗಳಿಗೆ ಹೋಗುವಂತಿರಲಿಲ್ಲ. ಆದ್ದರಿಂದ ಮಿಯರ್ಸ್ ತನ್ನ ಕಟ್ಟೆಯನ್ನು ಸೇತುವೆಯ ಮೇಲೆಯೇ ನಿಲ್ಲಿಸಿದ.

ಯೂರೇಯಿಂದ ರೆಡ್ ಮೌಂಟನ್ ಗಣಿ ಪ್ರದೇಶಕ್ಕೆ ಆತ ಈ ರಸ್ತೆಯನ್ನು ಕಡಿಸಿದ್ದು 1883ರಲ್ಲಿ. ಹಿಂದಿನ ವರ್ಷ ಅಲ್ಲಿ ಯಾಂಕೀ ಗರ್ಲ್ ಎಂಬ ಬಹು ಸಮೃದ್ಧವಾದ ಬೆಳ್ಳಿಯ ಗಣಿ ಪತ್ತೆಯಾಗಿತ್ತು. ಅದಿರನ್ನು ಹೇಸರಗತ್ತೆಗಳ ಬೆನ್ನ ಮೇಲೆ ಹೇರಿ ಇಳಿಸುವಾಗ ತಗಲುವ ವೆಚ್ಚದಲ್ಲಿ ಉತ್ತಮ ದರ್ಜೆಯ ಅದಿರು ಮಾತ್ರ ಗಿಟ್ಟುತ್ತಿತ್ತು. ಬಂಡಿ ಓಡುವ ರಸ್ತೆಯಾದರೆ ಸಾಧಾರಣ ಅದಿರಿಗೂ ಬೆಲೆ ಬರುತ್ತಿತ್ತು. ಕೆಲವೆಡೆ ಕೆಲಸಗಾರರು ಹಗ್ಗದಲ್ಲಿ ಜೋತು ಬಿದ್ದುಕೊಂಡೇ ಬಂಡೆಗೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸಿ ದಾರಿ ಬಿಡಿಸಿದರು. ಜೋಡಿ ಕುದುರೆ ಕಟ್ಟಿದ ಬಂಡಿಗೆ ಸುಂಕ 5 ಡಾಲರ್. ಗಣಿ ಕಾರ್ಮಿಕನ ದಿನಗೂಲಿ 3 ಡಾಲರ್ ಆಸುಪಾಸಿನಲ್ಲಿದ್ದ ಕಾಲವದು. ಜನ ಗೊಣಗಿಕೊಂಡಾದರೂ ಕೊಟ್ಟು ಹೋದರೆಂದರೆ ಬೇರೆ ದಾರಿ ಇರಲಿಲ್ಲವೆಂದೇ ಅರ್ಥ. ಮಿಯರ್ಸ್ ಮುಂದೆ ಸಿಲ್ವರ್ಟನ್ ಕಡೆಯಿಂದ ರೈಲು ಹಳಿಯನ್ನೂ ಹಾಕಿಸಿದ. ಆದರೆ ಅದು ಐರನ್‌ಟನ್ ಎಂಬಲ್ಲಿಗೆ ನಿಂತುಹೋಯಿತು. ಅಲ್ಲಿಂದ ಕೆಳಗೆ ಕಣಿವೆಯ ಇಳಿಜಾರು ರೈಲಿಗೆ ಒಗ್ಗುವಂತಿರಲಿಲ್ಲವಾದ್ದರಿಂದ ಯೂರೇಗೆ ಹೋಗುವವರು ಮತ್ತೆ ಕುದುರೆಗಾಡಿ ಹತ್ತಿ ಇದೇ ರಸ್ತೆಯಲ್ಲಿ ಇಳಿಯಬೇಕಾಗಿತ್ತು.

ಸ್ಮಾರಕದ ಎದುರು ನಿಂತಾಗ ಇನ್ನೊಂದು ಸಂಗತಿಯನ್ನು ನೆನೆಯಬೇಕೆಂದು ನನ್ನ ಬಲವಾದ ಅಭಿಪ್ರಾಯ. ಆ ಬೆಟ್ಟಗಳು ಯೂಟ್ ಜನರವು. ಊರಿನ ಹೆಸರೇ ಅವರ ನಾಯಕ ಯೂರೇಯದು. 1873ರ ಒಪ್ಪಂದದಲ್ಲಿ ಅವರು ಗಣಿ ಪ್ರದೇಶವನ್ನು ಬಿಟ್ಟುಕೊಡಬೇಕಾಯಿತು. 1881ರಲ್ಲಿ ಅನ್‌ಕಂಪಾಗ್ರೆ ಯೂಟರನ್ನು ಕೊಲರಾಡೊದಿಂದಲೇ ಯೂಟಾಗೆ ಕಳುಹಿಸಲಾಯಿತು. ಯೂಟ್ ಭಾಷೆ ಬಲ್ಲ ಮಿಯರ್ಸ್ ಆ ಕೊನೆಯ ಮಾತುಕತೆಯಲ್ಲಿ ಸರ್ಕಾರದ ಪರವಾಗಿದ್ದವನು, ಸಹಿ ಹಾಕಿದವರಿಗೆ ತಲಾ 2 ಡಾಲರ್ ಕೊಟ್ಟವನು. ರಸ್ತೆಯ ಸಾಹಸವನ್ನು ಮೆಚ್ಚುವವರು ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ.

ಇನ್ನು ತಡೆಗೋಡೆಯ ವಿಷಯ. ಬಹುಭಾಗದಲ್ಲಿ ಅದು ಇಲ್ಲವೆಂಬುದು ನಿಜ; ಚಳಿಗಾಲದಲ್ಲಿ ಯಂತ್ರಗಳು ಹಿಮವನ್ನು ಅಂಚಿನಿಂದಾಚೆಗೆ ತಳ್ಳಬೇಕಾಗುತ್ತದೆ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುವುದರಿಂದ ಯೂರೇಯಿಂದ ದಕ್ಷಿಣಕ್ಕೆ ಹೊರಟವರಿಗೆ ಪ್ರಪಾತದ ಅಂಚು ಸಿಗುತ್ತದೆ, ಸಿಲ್ವರ್ಟನ್‌ನಿಂದ ಉತ್ತರಕ್ಕೆ ಬರುವವರಿಗೆ ಬೆಟ್ಟದ ಮಗ್ಗುಲು ಸಿಗುತ್ತದೆ. ನಿಮ್ಮ ಪತ್ನಿಯವರಿಗಾಗಿ ಸಿಲ್ವರ್ಟನ್ ಕಡೆಯಿಂದ ಬರುವಂತೆ ಪ್ರವಾಸ ಹೊಂದಿಸಿಕೊಳ್ಳಲು ಮಗನಿಗೆ ಹೇಳಿ. ಸುತ್ತು ಹೆಚ್ಚಾದರೂ ಚಿಂತೆಯಿಲ್ಲ. ಸೆಪ್ಟೆಂಬರ್ ಒಳ್ಳೆಯ ತಿಂಗಳು: ಮಧ್ಯಾಹ್ನದ ಗುಡುಗು ಮಳೆ ಕಡಿಮೆಯಾಗುತ್ತ ಬರುತ್ತದೆ, ಕೊನೆಯ ವಾರಗಳಲ್ಲಿ ಆಸ್ಪೆನ್ ಮರಗಳ ಎಲೆ ಹಳದಿಗೆ ತಿರುಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಗೆ ಆದದ್ದನ್ನು ಕಂಡ ನಮಗೆ, ಮಳೆ ಸುರಿಯುವಾಗ ಅಂಥ ಇಳಿಜಾರಿನಲ್ಲಿ ಹೋಗಬಾರದೆಂದು ಬೇರೆಯವರು ಹೇಳಬೇಕಾಗಿಲ್ಲ.

ಎತ್ತರದ ಬಗ್ಗೆ ಮಾತ್ರ ಎಚ್ಚರವಿರಲಿ. ಮಾರ್ಗದ ತುದಿಯಾದ ರೆಡ್ ಮೌಂಟನ್ ಪಾಸ್ ಸುಮಾರು 3,358 ಮೀಟರ್ ಎತ್ತರದಲ್ಲಿದೆ. ನಮ್ಮ ತಡಿಯಂಡಮೋಳ್ 1,748 ಮೀಟರ್. ಡೆನ್ವರ್‌ನಲ್ಲಿ ಕೆಲವು ದಿನ ಇದ್ದು ದೇಹ ಹೊಂದಿಕೊಂಡ ಮೇಲೆ ಹೊರಡಿ, ನೀರು ಹೆಚ್ಚಾಗಿ ಕುಡಿಯಿರಿ. ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿದ್ದರೆ ಇಲ್ಲಿಯೇ ವೈದ್ಯರನ್ನು ಕಾಣಿ. ಯೂರೇಯಲ್ಲಿ 1887ರ ಗಣಿಗಾರರ ಆಸ್ಪತ್ರೆಯ ಕಟ್ಟಡದಲ್ಲೇ ಈಗ ವಸ್ತುಸಂಗ್ರಹಾಲಯವಿದೆ. ಅದನ್ನು ನೋಡದೆ ಬರಬೇಡಿ.

ಪ್ರಶ್ನೆ: ಆ ರಸ್ತೆಯಲ್ಲಿ ಈಗಲೂ ಸುಂಕವಿದೆಯೇ? ಹಳೆಯ ಗಣಿಗಳ ಒಳಗೆ ಹೋಗಬಹುದೇ? (ಸೋಮವಾರಪೇಟೆಯ ಓದುಗರೊಬ್ಬರು)

ಉತ್ತರ: ಸುಂಕವಿಲ್ಲ. 1920ರ ದಶಕದ ಆರಂಭದಲ್ಲಿ ಮೋಟಾರು ವಾಹನಗಳಿಗೆ ತಕ್ಕಂತೆ ಅದನ್ನು ಮತ್ತೆ ಕಟ್ಟಿ 1924ರಲ್ಲಿ ತೆರೆದರು. ಈಗ ಅದು 550ನೆಯ ಹೆದ್ದಾರಿಯ ಭಾಗ.

ಪಾಳುಬಿದ್ದ ಗಣಿಗಳಿಗೆ ಮಾತ್ರ ಕಾಲಿಡಬೇಡಿ. ಸುರಂಗದೊಳಗೆ ಉಸಿರಾಡಲು ಯೋಗ್ಯವಲ್ಲದ ಗಾಳಿ ನಿಂತಿರಬಹುದು, ಕೊಳೆತ ಹಲಗೆಯ ಕೆಳಗೆ ಆಳದ ಬಾವಿಯಿರಬಹುದು. ಅನೇಕ ಗಣಿಗಳು ಇಂದಿಗೂ ಖಾಸಗಿ ಸ್ವತ್ತು. ಯಾಂಕೀ ಗರ್ಲ್ ಗಣಿಯ ಮರದ ಗೋಪುರ ರಸ್ತೆಯಿಂದಲೇ ಕಾಣುತ್ತದೆ. ನಡೆಯುವ ಶಕ್ತಿಯಿದ್ದವರಿಗೆ ಯೂರೇಯ ದಕ್ಷಿಣದ ಹೆದ್ದಾರಿ ಸುರಂಗದ ಬಳಿಯಿಂದ ಬೇರ್ ಕ್ರೀಕ್ ಕಾಲುದಾರಿ ಗ್ರಿಜ್ಲಿ ಬೇರ್ ಎಂಬ ಹಳೆಯ ಗಣಿಯ ಅವಶೇಷಗಳವರೆಗೆ ಹೋಗುತ್ತದೆ, ಆದರೆ ಅದು ಏರುದಾರಿ, ಕೆಲವೆಡೆ ಬಹಳ ಕಿರಿದು. ದಾರಿಯಲ್ಲಿ ತುಕ್ಕು ಹಿಡಿದ ಮೊಳೆ, ಲಾಳ, ಗಾಜಿನ ಚೂರು ಸಿಕ್ಕರೆ ನೆನಪಿಗೆಂದು ಎತ್ತಿಕೊಳ್ಳುವಂತಿಲ್ಲ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಅಮೆರಿಕದ ಸರ್ಕಾರಿ ಅರಣ್ಯಭೂಮಿಯಿಂದ ತೆಗೆಯುವುದಕ್ಕೆ 1979ರ ಕಾನೂನಿನ ತಡೆಯಿದೆ. ಬೇಕಾದರೆ ಚಿತ್ರ ತೆಗೆದುಕೊಂಡು ವಸ್ತುವನ್ನು ಇದ್ದಲ್ಲೇ ಬಿಡಬೇಕು.