ಮೊದಲು ನೆರಳು ನೋಡಿ, ಆಮೇಲೆ ವ್ಯಾಟ್ ಕೇಳಿ

ಅಡುಗೆಮನೆ 10×8 ಅಡಿ. ಫಾಲ್ಸ್ ಸೀಲಿಂಗ್‌ನಲ್ಲಿ 12 ವ್ಯಾಟಿನ ಆರು ಡೌನ್‌ಲೈಟ್ ಇವೆ. ಆದರೂ ತರಕಾರಿ ಹೆಚ್ಚುವ ಜಾಗ ಮಬ್ಬು. 18 ವ್ಯಾಟ್ ಹಾಕಿಸಲಾ?

ಬೇಡ. ಈ ಪ್ರಶ್ನೆ ಪದೇಪದೇ ಬರುತ್ತದೆ, ಬದಲಾಗುವುದು ಅಡಿ, ವ್ಯಾಟ್ ಮಾತ್ರ. ಆರು ದೀಪ ಸೇರಿ ಸುಮಾರು 6000 ಲ್ಯೂಮೆನ್ (ಬೆಳಕಿನ ಅಳತೆ) ಕೊಡುತ್ತವೆ. ಅಷ್ಟು ಚಿಕ್ಕ ಕೋಣೆಗೆ ಅದು ಜಾಸ್ತಿಯೇ. ರಾತ್ರಿ ಕಟ್ಟೆ ಮುಂದೆ ನಿಂತು ನಿಮ್ಮ ಕೈ ನೋಡಿಕೊಳ್ಳಿ. ದೀಪ ಬೆನ್ನ ಹಿಂದಿದೆ. ನಿಮ್ಮ ತಲೆ, ಭುಜದ ನೆರಳೇ ಹುರುಳಿಕಾಯಿ ಮೇಲೆ ಬೀಳುತ್ತಿದೆ. ವ್ಯಾಟ್ ಏರಿಸಿದರೂ ನೆರಳು ಅಲ್ಲೇ ಇರುತ್ತದೆ, ಬಿಲ್ ಏರುತ್ತದೆ.

ನಿಮಗೆ ಬೇಕಿರುವುದು ಮೇಲಿನ ಕಪಾಟಿನ ತಳಕ್ಕೆ ಒಂದು ಎಲ್‌ಇಡಿ ಸ್ಟ್ರಿಪ್. ಅದು ಕಪಾಟಿನ ಮುಂದಿನ ಅಂಚಿನಲ್ಲಿರಬೇಕು. ಕೆಲಸದವರು ವೈರ್ ಉಳಿಸೋಕೆ ಗೋಡೆ ಕಡೆ ತಳ್ಳಿಬಿಡುತ್ತಾರೆ. ಆಗ ಟೈಲ್ಸ್ ಫಳಫಳ ಹೊಳೆಯುತ್ತದೆ, ಚಾಕು ಆಡುವ ಜಾಗ ಮತ್ತೆ ಮಬ್ಬು. ಎದುರು ನಿಂತು ಮಾಡಿಸಿ.

ಬರೀ ಸ್ಟ್ರಿಪ್ ಅಂಟಿಸಿ ಹೋಗೋಕೆ ಬಿಡಬೇಡಿ. ಸ್ಟ್ರಿಪ್ ಕೂರುವ ಅಲ್ಯೂಮಿನಿಯಂ ಪ್ರೊಫೈಲ್, ಅದರ ಮೇಲೆ ಬೆಳಕು ಹರಡುವ ಹಾಲುಬಣ್ಣದ ಮುಚ್ಚಳ, ಅಂದರೆ ಡಿಫ್ಯೂಸರ್, ಇರಲೇಬೇಕು. ನಮ್ಮಲ್ಲಿ ಬಹಳ ಮನೆಗಳ ಕಟ್ಟೆ ಕರಿ ಗ್ರಾನೈಟ್ ಅಲ್ವಾ? ಆ ಪಾಲಿಶ್‌ನಲ್ಲಿ ಎಲ್‌ಇಡಿಯ ಒಂದೊಂದು ಚುಕ್ಕಿಯೂ ಕಂಡು ಕಣ್ಣಿಗೆ ಚುಚ್ಚುತ್ತದೆ. ಒಗ್ಗರಣೆ ಜಿಡ್ಡು ಡಿಫ್ಯೂಸರ್ ಮೇಲೆ ಕೂತರೆ ಬಟ್ಟೆಯಲ್ಲಿ ಒರೆಸಬಹುದು, ಸ್ಟ್ರಿಪ್ ಮೇಲೆ ಕೂತರೆ ಮುಗಿಯಿತು. ಸ್ಟ್ರಿಪ್‌ಗೆ ಕರೆಂಟ್ ಹದಮಾಡಿ ಕೊಡುವ ಪುಟ್ಟ ಪೆಟ್ಟಿಗೆ, ಅಂದರೆ ಡ್ರೈವರ್, ಒಲೆ ಹತ್ತಿರ ಬೇಡ. ಗಾಳಿಯಾಡುವ, ಕೈಗೆ ಸಿಗುವ ಜಾಗದಲ್ಲಿಡಿ, ಯಾಕಂದ್ರೆ ಸಾಮಾನ್ಯವಾಗಿ ಮೊದಲು ಸಾಯುವುದು ಅದೇ. ಡಬ್ಬಿ ಮೇಲಿನ ‘50,000 ಗಂಟೆ’ ಹೆಚ್ಚಾಗಿ ಚಿಪ್‌ನ ಲೆಕ್ಕ. ಡ್ರೈವರ್ ಬಿಸಿಗೆ ಬೆಂದರೆ ಆ ಗಂಟೆಗಳಿಗೆ ಅರ್ಥವಿಲ್ಲ.

ಬೆಳಕಿನ ಬಣ್ಣಕ್ಕೆ 4000 ಕೆಲ್ವಿನ್ ಸಾಕು. 6500ರ ನೀಲಿಬಿಳುಪು ಅಂಗಡಿಗೆ ಸರಿ. ಅದಕ್ಕಿಂತ ಮುಖ್ಯ ಸಿಆರ್‌ಐ, ಅಂದರೆ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದಕ್ಕೆ 100ರ ಲೆಕ್ಕದ ಅಂಕ. 90 ಇರುವುದನ್ನೇ ಕೇಳಿ, ದುಡ್ಡು ಸ್ವಲ್ಪ ಜಾಸ್ತಿಯಾದರೂ ಸರಿ. ಅಗ್ಗದ ಎಲ್‌ಇಡಿಯಲ್ಲಿ ಕೆಂಪು ಸೊರಗುತ್ತದೆ. ಬಾಣಲೆಯಲ್ಲಿ ಈರುಳ್ಳಿ ಕೆಂಪಗಾಯಿತೋ ಸೀದೇ ಹೋಯಿತೋ ಗೊತ್ತಾಗುವುದು ಮೂಗಿಗೆ ಬಡಿದ ಮೇಲೆ. ‘ಇದ್ರಲ್ಲೇನ್ ಸಾರ್, ಎಲ್ಲಾ ಒಂದೇ’ ಅನ್ನುವ ಅಂಗಡಿಯವರಿಗೆ ನಮಸ್ಕಾರ ಹೇಳಿ ಹೊರಡಿ.

ಕಾರ್ ನಿಲ್ಲಿಸುವ ಜಾಗಕ್ಕೆ ನಡುವೆ ಒಂದು ದೊಡ್ಡ ಲೈಟ್ ಸಾಲದೇ?

ಕಾರಿನ ಟಾಪ್ ನೋಡುತ್ತಾ ಕೂರುವುದಾದರೆ ಸಾಕು. ಪಂಕ್ಚರ್ ಆದ ಚಕ್ರ ನೋಡಬೇಕೆಂದರೆ ಎರಡೂ ಪಕ್ಕದ ಗೋಡೆಗೆ 20 ವ್ಯಾಟಿನ ಒಂದೊಂದು ಬ್ಯಾಟನ್ (ಟ್ಯೂಬ್‌ಲೈಟ್‌ನಂಥ ಉದ್ದ ಎಲ್‌ಇಡಿ) ಹಾಕಿ. ಬಾನೆಟ್ ಎತ್ತಿದಾಗ ನಡುವಿನ ದೀಪಕ್ಕೆ ಅದೇ ಅಡ್ಡ. ಮಳೆ ಎರಚಲು ಬರುವಂತಿದ್ದರೆ ಧೂಳು, ನೀರು ತಡೆಯುವ ಐಪಿ65 ಗುರುತಿನದು ತಗೊಳ್ಳಿ. ಮೋಷನ್ ಸೆನ್ಸರ್ ಹಾಕಿಸುವುದಾದರೆ ಜನ ಅದರ ಮುಂದೆ ಅಡ್ಡಡ್ಡ ಹಾಯುವಂತೆ ಕೂರಿಸಿ. ನೇರ ಎದುರಿಗೆ ನಡೆದು ಬರುವವರನ್ನು ಪಿಐಆರ್ ಸೆನ್ಸರ್ (ಮೈಶಾಖದ ಚಲನೆ ಹಿಡಿಯುವ ಮೋಷನ್ ಸೆನ್ಸರ್) ತಡವಾಗಿ ಗುರುತಿಸುತ್ತದೆ.

ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಅರ್ಧ ಆಗುವ ‘ಪವರ್ ಸೇವರ್’?

ಮೋಸ. ಒಳಗಿರುವುದು ಒಂದು ಕೆಪಾಸಿಟರ್. ಮನೆ ಬಿಲ್ ಬರುವುದು ಯೂನಿಟ್ ಲೆಕ್ಕದಲ್ಲಿ, ಅದನ್ನು ಈ ಡಬ್ಬಿ ಇಳಿಸುವುದಿಲ್ಲ.

ಆಗ್ನೇಯದಲ್ಲಿ ಕೆಂಪು ಬಲ್ಬ್ ಉರಿಸಬೇಕಂತೆ?

ಉರಿಸಿ. ಅದರ ಬೆಳಕಲ್ಲಿ ಅಕ್ಕಿಯ ಕಲ್ಲು ಆರಿಸಬೇಡಿ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಂದವಾಗಿ ಉರಿಯುತ್ತಿರುತ್ತದೆ. ಸುಮ್ನೆ ಬಿಡಬಹುದಾ?

ಸ್ವಿಚ್‌ನಲ್ಲೇ ಪುಟ್ಟ ಇಂಡಿಕೇಟರ್ ಇದ್ದರೆ ಅದರಿಂದಲೂ ಹಾಗಾಗುತ್ತದೆ, ಗಾಬರಿ ಬೇಡ. ಇಲ್ಲದಿದ್ದರೆ ಸುಮ್ನೆ ಬಿಡಬೇಡಿ. ಸ್ವಿಚ್‌ಗೆ ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ಕೊಟ್ಟಿರಬಹುದು. ಹಾಗಿದ್ದರೆ ಆಫ್ ಮಾಡಿದಾಗಲೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಯೂಟ್ಯೂಬ್ ನೋಡಿ ಸ್ಟೂಲ್ ಹತ್ತಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ. ಅವರು ಬಂದು ನೋಡುವ ತನಕ ಆ ಬಲ್ಬ್ ಮುಟ್ಟಲೇಬೇಕಾದರೆ ಮೇನ್ ಆಫ್ ಮಾಡಿಯೇ ಮುಟ್ಟಿ.